ಸಣ್ಣ ಫ್ಲ್ಯಾಟಿನ ಬಿಸಿನೀರಿನ ಲೆಕ್ಕ

ಬೆಂಗಳೂರಿನ ಚಳಿಗೆ ಮನೆಯನ್ನೇ ಬೆಚ್ಚಗಿಡುವ ಯಂತ್ರಗಳ ಅಗತ್ಯ ಬೀಳುವುದಿಲ್ಲ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯಲ್ಲಿ ಬಿದ್ದ 7.8 ಡಿಗ್ರಿ. ಮಾಮೂಲಿ ವರ್ಷಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹದಿನೈದು ಹದಿನಾರು ಡಿಗ್ರಿಯ ಹತ್ತಿರ ನಿಲ್ಲುತ್ತವೆ. ಅದಕ್ಕೆ ಒಂದು ಸ್ವೆಟರು, ಒಂದು ಕಂಬಳಿ ಸಾಕು. ಅಡುಗೆಯನ್ನು ಬದಿಗಿಟ್ಟರೆ, ನಮ್ಮ ಮನೆಗಳಲ್ಲಿ ಶಾಖಕ್ಕೆಂದು ಆಗುವ ಖರ್ಚೆಲ್ಲ ಬಚ್ಚಲುಮನೆಯದು. ಆ ಖರ್ಚು ಚಳಿಗಾಲದ್ದು ಮಾತ್ರವಲ್ಲ. ಮಳೆಗಾಲದ ಜಡಿಯಲ್ಲೂ, ಯುಗಾದಿಯ ಬಿಸಿಲಿನಲ್ಲೂ ಬಿಸಿನೀರಿನ ಸ್ನಾನವನ್ನು ನಾವು ಬಿಡುವವರಲ್ಲ. ಎ.ಸಿ. ಇಲ್ಲದ, ಎರಡು ಕೋಣೆಯ ಒಂದು ಹಳೆಯ ಫ್ಲ್ಯಾಟನ್ನು ತೆಗೆದುಕೊಳ್ಳಿ. ಅಲ್ಲಿ ಎಲ್‌ಇಡಿ ಬಲ್ಬು ಎಳೆಯುವುದು ಒಂಬತ್ತು ವ್ಯಾಟ್, ಹಳೆಯ ಸೀಲಿಂಗ್ ಫ್ಯಾನು ಎಪ್ಪತ್ತೈದು ವ್ಯಾಟ್, ಬಚ್ಚಲಿನ ಗೋಡೆಗೆ ಜೋತುಬಿದ್ದಿರುವ ಗೀಸರು ಎರಡು ಸಾವಿರ ವ್ಯಾಟ್. ಕರೆಂಟ್ ಬಿಲ್ಲು ಏರಿದಾಗ ಮನೆಮಂದಿಯ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. ‘ಗೀಸರು ಹಳೆಯದಾಯಿತು, ಬದಲಾಯಿಸಬೇಕು’ ಎಂಬ ಮಾತು ಬರುತ್ತದೆ, ಅಂಗಡಿಯವರು ಅದಕ್ಕೆ ಒತ್ತಾಸೆಯಾಗುತ್ತಾರೆ. ಈ ಮಾತನ್ನು ಸ್ವಲ್ಪ ತಡೆದು ನೋಡಬೇಕು ಎಂಬುದೇ ನನ್ನ ವಾದ. ಹಳೆಯ ಫ್ಲ್ಯಾಟಿನಲ್ಲಿ ಬಿಸಿನೀರಿನ ಖರ್ಚು ಹೆಚ್ಚಾಗಿ ಸೋರುವುದು ಯಂತ್ರದೊಳಗೆ ಅಲ್ಲ. ಎಷ್ಟು ಲೀಟರು, ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಉದ್ದದ ಪೈಪು, ಈ ನಾಲ್ಕರಲ್ಲಿ ಅದು ಸೋರುತ್ತದೆ. ಇವನ್ನು ಸರಿಪಡಿಸದೆ ಹೊಸ ಯಂತ್ರ ತಂದರೆ ಬಿಲ್ಲು ಇದ್ದಲ್ಲೇ ಇರುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಅದು ಐದನೇ ತರಗತಿಯ ಲೆಕ್ಕಕ್ಕಿಂತ ಕಷ್ಟದ್ದಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಮೀಟರಿನ ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲೊರಿ ಇದೆ. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು ಇಪ್ಪತ್ತು ಡಿಗ್ರಿ ಇದೆ ಎಂದುಕೊಳ್ಳಿ. ಸ್ನಾನಕ್ಕೆ ಹದವಾದ ಬಿಸಿ ನಲವತ್ತು ಡಿಗ್ರಿ. ಇಪ್ಪತ್ತು ಲೀಟರಿನ ಒಂದು ಬಕೆಟ್ಟನ್ನು ಇಪ್ಪತ್ತು ಡಿಗ್ರಿ ಏರಿಸಲು 400 ಕಿಲೋಕ್ಯಾಲೊರಿ, ಅಂದರೆ ಅರ್ಧ ಯೂನಿಟ್‌ಗಿಂತ ತುಸು ಕಡಿಮೆ. ಸರ್ಚಾರ್ಜು, ತೆರಿಗೆ ಎಲ್ಲ ಸೇರಿಸಿ ಯೂನಿಟ್ಟಿಗೆ ಆರೂವರೆ ರೂಪಾಯಿ ಎಂದು ಹಿಡಿದರೆ ಒಂದು ಬಕೆಟ್ ಬಿಸಿನೀರಿಗೆ ಮೂರು ರೂಪಾಯಿ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಲೆಕ್ಕದಲ್ಲಿ ಗೀಸರಿನ ಕಂಪನಿಯ ಹೆಸರಿಲ್ಲ, ವಯಸ್ಸಿಲ್ಲ. ಕರೆಂಟಿನ ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದು ಎಳೆದ ಕರೆಂಟೆಲ್ಲ ಶಾಖವಾಗಿ ನೀರಿಗೇ ಸೇರುತ್ತದೆ. ಇಪ್ಪತ್ತು ವರ್ಷದ ಹಳೆಯ ಗೀಸರೂ ಹೀಗೆಯೇ, ನಿನ್ನೆ ತಂದದ್ದೂ ಹೀಗೆಯೇ, ಬಕೆಟ್ಟಿಗೆ ಇಳಿಬಿಡುವ ರಾಡೂ ಹೀಗೆಯೇ. ನೀರು ಕಾಯಿಸುವ ಕ್ಷಣದಲ್ಲಿ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ವ್ಯತ್ಯಾಸ ಬರುವುದು ಲೀಟರುಗಳಲ್ಲಿ. ನಾಲ್ಕು ಜನರ ಸಂಸಾರ ದಿನಕ್ಕೆ ತಲೆಗೊಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರೆ ತಿಂಗಳಿಗೆ ಐವತ್ತಾರು ಯೂನಿಟ್, ಮುನ್ನೂರ ಅರವತ್ತು ರೂಪಾಯಿಯ ಆಸುಪಾಸು. ಅದೇ ಸಂಸಾರ ಹಳೆಯ ಶವರಿನ ಕೆಳಗೆ ನಿಂತರೆ? ನಿಮಿಷಕ್ಕೆ ಹತ್ತು ಲೀಟರು ಸುರಿಸುವ ಶವರಿನಲ್ಲಿ ಏಳು ನಿಮಿಷದ ಸ್ನಾನಕ್ಕೆ ಎಪ್ಪತ್ತು ಲೀಟರು, ಒಬ್ಬರಿಗೆ ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚು. ನಾಲ್ಕು ಜನ, ಮೂವತ್ತು ದಿನ ಎಂದರೆ 195 ಯೂನಿಟ್. ಮಿಕ್ಸಿ, ಫ್ರಿಜ್ಜು, ದೀಪ ಏನನ್ನೂ ಸೇರಿಸದೆ ಬರಿಯ ಸ್ನಾನದ ಲೆಕ್ಕ ಇದು. ಮನೆಯ ಬಿಲ್ಲು ಒಂದೇ ವರ್ಷದಲ್ಲಿ ಯಾಕೆ ಏರಿತು ಎಂದು ತಲೆ ಕೆಡಿಸಿಕೊಳ್ಳುವವರು ಆ ವರ್ಷ ಬಚ್ಚಲುಮನೆಗೆ ಟೈಲ್ಸ್ ಹಾಕಿಸಿ, ಬಕೆಟ್ ತೆಗೆದು ಶವರು ಕೂರಿಸಿದ್ದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಶವರೇ ಬೇಡ ಎನ್ನುತ್ತಿಲ್ಲ. ಮಂಡಿ ನೋಯುವ ಹಿರಿಯರಿಗೆ ಬಗ್ಗಿ ತಂಬಿಗೆಯಲ್ಲಿ ಮೊಗೆದುಕೊಳ್ಳುವುದಕ್ಕಿಂತ ಶವರು ಎಷ್ಟೋ ಮೇಲು. ಆದರೆ ನಿಮಿಷಕ್ಕೆ ಆರು ಲೀಟರು ಬಿಡುವ ಶವರ್ ಹೆಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹಳೆಯದನ್ನು ತಿರುಗಿಸಿ ಬಿಚ್ಚಿ ಇದನ್ನು ಕೂರಿಸಲು ಪ್ಲಂಬರೂ ಬೇಕಾಗಿಲ್ಲ. ಅಷ್ಟಕ್ಕೇ ಸ್ನಾನದ ಕರೆಂಟು ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ಸಾವಿರಾರು ರೂಪಾಯಿಯ ಯಾವ ಹೊಸ ಗೀಸರೂ ಇಷ್ಟು ಉಳಿಸಿಕೊಡಲಾರದು.

2024ರ ಬರದ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ನಲ್ಲಿಗಳಿಗೆ, ಧಾರೆಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರಿಯೇಟರ್ ಹಾಕಿಸಿ ಎಂದು ಊರಿಗೆಲ್ಲ ಹೇಳಿತು. ಆಗ ಮಾತೆಲ್ಲ ನೀರಿನ ಉಳಿತಾಯದ್ದಾಗಿತ್ತು. ಬಿಸಿನೀರಿನ ನಲ್ಲಿಯಲ್ಲಿ ನೀರಿನ ಜತೆ ಕರೆಂಟೂ ಹರಿದುಹೋಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ. ಈ ಎರಡರ ತೂಕವನ್ನು ಹೋಲಿಸಿ ನೋಡಿ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಪಂಪಾಗಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರವನ್ನು ಹತ್ತಿ ನಗರಕ್ಕೆ ಬರುತ್ತದೆ. ಸಾವಿರ ಲೀಟರು ನೀರನ್ನು ಅಷ್ಟು ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿ, ಎರಡು ಯೂನಿಟ್ ಸಾಕಾದೀತು. ಅದೇ ಸಾವಿರ ಲೀಟರನ್ನು ಸ್ನಾನದ ಹದಕ್ಕೆ ಇಪ್ಪತ್ತು ಡಿಗ್ರಿ ಕಾಯಿಸಲು ಇಪ್ಪತ್ತಮೂರು ಯೂನಿಟ್ ಬೇಕು. ನದಿಯೊಂದನ್ನು ಊರಿನ ಎತ್ತರಕ್ಕೆ ಏರಿಸುವ ಕೆಲಸದ ಹತ್ತು ಪಟ್ಟಿಗಿಂತ ಹೆಚ್ಚಿನ ಕೆಲಸವನ್ನು ನಮ್ಮ ಗೋಡೆಯ ಮೇಲಿನ ಆ ಬಿಳಿ ಡಬ್ಬಿ ಮಾಡುತ್ತಿದೆ.

ಇನ್ನು ‘ಎಷ್ಟು ಹೊತ್ತು’ ಎಂಬ ಪ್ರಶ್ನೆ. ಗೀಸರಿನ ಸ್ವಿಚ್ಚನ್ನು ಆರಿಸದೆ ಇಟ್ಟರೇ ಲಾಭ ಎಂದು ಗಟ್ಟಿಯಾಗಿ ನಂಬಿದವರು ಬಹಳ ಜನ ಇದ್ದಾರೆ. ಅವರ ತರ್ಕ ಹೀಗಿದೆ: ತಣ್ಣಗಾದ ನೀರನ್ನು ಮತ್ತೆ ಮೊದಲಿನಿಂದ ಕಾಯಿಸಲು ಹೆಚ್ಚು ಕರೆಂಟು ಬೇಕು, ಬಿಸಿಯಾಗಿಯೇ ಇಟ್ಟುಕೊಂಡರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಪಾತ್ರೆ ಹೊರಗೆ ಬಿಟ್ಟುಕೊಡುವ ಶಾಖ ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಬಿಸಿಯ ಅಂತರವನ್ನು ಅವಲಂಬಿಸಿರುತ್ತದೆ. ಅರವತ್ತೈದು ಡಿಗ್ರಿಯಲ್ಲಿ ದಿನವಿಡೀ ಹಿಡಿದಿಟ್ಟ ನೀರು ದಿನವಿಡೀ ಅದೇ ವೇಗದಲ್ಲಿ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಆರಲು ಬಿಟ್ಟ ನೀರಿನಲ್ಲಿ ಅಂತರ ಕುಗ್ಗಿದಂತೆ ನಷ್ಟವೂ ಕುಗ್ಗುತ್ತದೆ, ಪೂರ್ತಿ ತಣ್ಣಗಾದ ಮೇಲೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಮತ್ತೆ ಕಾಯಿಸುವಾಗ ತುಂಬಬೇಕಾದ್ದು ಕಳೆದುಹೋದಷ್ಟನ್ನೇ ಹೊರತು ಅದಕ್ಕಿಂತ ಒಂದು ಚೂರೂ ಹೆಚ್ಚಲ್ಲ. ಹಾಗಾಗಿ ಆರಿಸಿದ ಗೀಸರು ಎಂದೂ ಉರಿಯುವ ಗೀಸರಿಗಿಂತ ಹೆಚ್ಚು ಕರೆಂಟು ತಿನ್ನಲು ಸಾಧ್ಯವಿಲ್ಲ.

ನಂಬಿಕೆ ಬಾರದವರು ಒಂದು ಭಾನುವಾರ ತಾವೇ ನೋಡಬಹುದು. ಎಲ್ಲರ ಸ್ನಾನವಾದ ಮೇಲೆ ಗೀಸರನ್ನು ಹಾಕಿಯೇ ಬಿಡಿ, ಬಿಸಿನೀರಿನ ನಲ್ಲಿಯನ್ನು ಯಾರೂ ಮುಟ್ಟಬಾರದು. ಕಾಯಿಲ್‌ಗೆ ಕರೆಂಟು ಹೋಗುತ್ತಿರುವಾಗ ಮಾತ್ರ ಉರಿಯುವ ಪುಟ್ಟ ಕೆಂಪು ದೀಪ ಅದರ ಹೊಟ್ಟೆಯ ಕೆಳಗೆ ಇರುತ್ತದೆ. ನೀರು ಪೂರ್ತಿ ಕಾದೊಡನೆ ಅದು ಆರುತ್ತದೆ. ಆಮೇಲೆ ಯಾರೂ ಒಂದು ತಂಬಿಗೆ ನೀರು ತೆಗೆಯದಿದ್ದರೂ, ಎರಡು ಮೂರು ಗಂಟೆಗೊಮ್ಮೆ ಒಳಗೆ ಥರ್ಮೋಸ್ಟಾಟ್ ‘ಟಕ್’ ಎನ್ನುತ್ತದೆ, ದೀಪ ಹತ್ತುತ್ತದೆ, ನಾಲ್ಕೈದು ನಿಮಿಷ ಉರಿದು ಮತ್ತೆ ಆರುತ್ತದೆ. ಮೂರು ಗಂಟೆಗೊಮ್ಮೆ ನಾಲ್ಕೂವರೆ ನಿಮಿಷ ಎಂದು ಹಿಡಿದರೆ ದಿನಕ್ಕೆ ಮೂವತ್ತಾರು ನಿಮಿಷ. ಎರಡು ಸಾವಿರ ವ್ಯಾಟಿನ ಕಾಯಿಲ್‌ಗೆ ಅದು ಒಂದೂ ಕಾಲು ಯೂನಿಟ್‌ಗಿಂತ ತುಸು ಕಡಿಮೆ, ತಿಂಗಳಿಗೆ ಮೂವತ್ತಾರು ಯೂನಿಟ್. ಯಾರ ಮೈಗೂ ಬೀಳದ ನೀರಿಗೆ ಇನ್ನೂರ ಮೂವತ್ತು ರೂಪಾಯಿ. ಗೀಸರಿನ ಮೇಲೆ ಅಂಟಿಸುವ ನಕ್ಷತ್ರದ ಚೀಟಿ ಅಳೆಯುವುದು ಇದನ್ನೇ, ಬೇರೇನನ್ನೂ ಅಲ್ಲ. ಇಪ್ಪತ್ತನಾಲ್ಕು ಗಂಟೆ ಹೊತ್ತು, ಹೊರಗಿಗಿಂತ ನಲವತ್ತೈದು ಡಿಗ್ರಿ ಹೆಚ್ಚು ಬಿಸಿಯಲ್ಲಿ ನೀರನ್ನು ಸುಮ್ಮನೆ ಇಟ್ಟರೆ ಎಷ್ಟು ಶಾಖ ಸೋರುತ್ತದೆ ಎಂಬುದರ ಮೇಲೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಹಗಲೂ ರಾತ್ರಿ ಗೀಸರು ಹಾಕಿಡುವ ಮನೆಗೆ ಐದು ನಕ್ಷತ್ರದಿಂದ ನಿಜಕ್ಕೂ ಲಾಭವಿದೆ. ಬೆಳಿಗ್ಗೆ ಒಂದು ಗಂಟೆ ಹಾಕಿ ಆರಿಸುವ ಮನೆಗೆ ಆ ನಕ್ಷತ್ರಗಳಿಂದ ಆಗುವ ಉಳಿತಾಯ ತಿಂಗಳ ಕೊನೆಗೆ ಒಂದು ಕಾಫಿಯ ದುಡ್ಡೂ ಆಗುವುದು ಅನುಮಾನ.

ಆರಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಎಲ್ಲರ ಸ್ನಾನ ಮುಗಿದ ಮೇಲೆ ಆರಿಸಿದರೆ ತೊಟ್ಟಿಯ ತುಂಬ ಬಿಸಿನೀರು ಉಳಿದಿರುತ್ತದೆ, ಅದು ಸಂಜೆಯವರೆಗೆ ಸುಮ್ಮನೆ ಆರಿಹೋಗುತ್ತದೆ. ಕೊನೆಯವರು ಬಚ್ಚಲಿಗೆ ಹೋಗುವ ಮುನ್ನವೇ ಆರಿಸಬೇಕು. ಇಪ್ಪತ್ತೈದು ಲೀಟರಿನ ಗೀಸರಿನಲ್ಲಿ ಅರವತ್ತೈದು ಡಿಗ್ರಿಯ ನೀರಿದ್ದರೆ, ತಣ್ಣೀರು ಬೆರೆಸಿದಾಗ ಅದರಿಂದ ನಲವತ್ತು ಡಿಗ್ರಿಯ ಐವತ್ತಾರು ಲೀಟರು, ಎಂದರೆ ಮೂರು ಬಕೆಟ್ಟಿಗೆ ತುಸು ಕಡಿಮೆ ಬರುತ್ತದೆ. ಕೊನೆಯ ಒಬ್ಬರಿಗೆ ಧಾರಾಳವಾಗಿ ಸಾಕು. ಹಾಗೆಯೇ ಬೆಳಿಗ್ಗೆ ಆರಕ್ಕೆ ಒಬ್ಬರು, ಎಂಟಕ್ಕೆ ಒಬ್ಬರು, ಹತ್ತಕ್ಕೆ ಇನ್ನೊಬ್ಬರು ಎಂದು ಚದುರಿಹೋದ ಸ್ನಾನಗಳಿಗಿಂತ ಒಬ್ಬರ ಹಿಂದೆ ಒಬ್ಬರು ಮುಗಿಸುವುದು ಅಗ್ಗ. ಒಂದೇ ಬಚ್ಚಲಿರುವ ಸಣ್ಣ ಫ್ಲ್ಯಾಟಿಗೆ ಈ ವಿಷಯದಲ್ಲಿ ದೊಡ್ಡ ಮನೆಗಿಲ್ಲದ ಅನುಕೂಲವಿದೆ. ಮೂರು ಬಚ್ಚಲಿನ ಮನೆಯಲ್ಲಿ ಮೂರು ತೊಟ್ಟಿ ಬಿಸಿನೀರು ಆರುತ್ತದೆ, ಇಲ್ಲಿ ಒಂದೇ.

ಬಿಸಿಯ ಮಟ್ಟಕ್ಕೂ ಇದೇ ನ್ಯಾಯ. ಗೀಸರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಹೊರಬಂದ ಕುದಿನೀರಿಗೆ ಅರ್ಧಕ್ಕರ್ಧ ತಣ್ಣೀರು ಬೆರೆಸುವುದು ನಮ್ಮ ರೂಢಿ. ಇಬ್ಬರೇ ಇರುವ ಮನೆಯಲ್ಲಿ ಅದನ್ನು ಐವತ್ತರ ಹತ್ತಿರ ಇಟ್ಟರೆ ನಿಂತ ನೀರು ಸೋರುವ ಶಾಖ ಮೂರನೆಯ ಒಂದು ಭಾಗ ತಗ್ಗುತ್ತದೆ. ಇದಕ್ಕೆ ವೈದ್ಯರ ಕಡೆಯಿಂದ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕಾಗಿಯೇ ದೊಡ್ಡ ಕಟ್ಟಡಗಳಲ್ಲಿ ನೀರನ್ನು ಅರವತ್ತು ಡಿಗ್ರಿಯಲ್ಲಿ ಸಂಗ್ರಹಿಸಬೇಕೆನ್ನುತ್ತಾರೆ. ದಿನವೂ ಖಾಲಿಯಾಗಿ ತುಂಬುವ ಹದಿನೈದು ಇಪ್ಪತ್ತೈದು ಲೀಟರಿನ ತೊಟ್ಟಿಯಲ್ಲಿ ಆ ಅಪಾಯ ಕಡಿಮೆ. ಆದರೂ ಮನೆಯಲ್ಲಿ ವಯಸ್ಸಾದವರು, ಶ್ವಾಸಕೋಶದ ತೊಂದರೆ ಇರುವವರು ಇದ್ದರೆ ಅರವತ್ತರಲ್ಲೇ ಇಡಿ. ಬಹಳ ದಿನ ಮನೆ ಮುಚ್ಚಿ ಊರಿಗೆ ಹೋಗಿ ಬಂದಾಗ ಒಮ್ಮೆ ಪೂರ್ತಿ ಕಾಯಿಸಿ ಆ ನೀರನ್ನು ಚೆಲ್ಲಿ. ಇಲ್ಲಿ ನಾಲ್ಕು ಕಾಸು ಉಳಿಸುವುದು ಜಾಣತನವಲ್ಲ.

ಪೈಪಿನ ವಿಷಯ ಹಳೆಯ ಕಟ್ಟಡಗಳಿಗೇ ಸೇರಿದ್ದು. ಎಂಬತ್ತು ತೊಂಬತ್ತರ ದಶಕದ ಎಷ್ಟೋ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಬಿಸಿನೀರಿನ ಪೈಪೇ ಇರಲಿಲ್ಲ. ಆಮೇಲೆ ಬಂದವರು ಬಚ್ಚಲಿನ ಗೀಸರಿನಿಂದ ಗೋಡೆ ಕೊರೆದು ಅಡುಗೆಮನೆಯ ಸಿಂಕಿಗೆ ಎಳೆದಿರುತ್ತಾರೆ. ಅರ್ಧ ಇಂಚಿನ ಎಂಟು ಮೀಟರ್ ಪೈಪಿನಲ್ಲಿ ಸುಮಾರು ಒಂದೂ ಕಾಲರಿಂದ ಒಂದೂವರೆ ಲೀಟರು ನೀರು ನಿಂತಿರುತ್ತದೆ. ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದಾಗ ಮೊದಲು ಅಷ್ಟೂ ತಣ್ಣೀರು ಬರುತ್ತದೆ; ಬಿಸಿ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ; ಪೈಪಿನೊಳಕ್ಕೆ ಬಂದು ನಿಂತ ಬಿಸಿನೀರು ಗೋಡೆಯನ್ನು ಬೆಚ್ಚಗೆ ಮಾಡಿ ಆರುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ತಿಂಗಳಿಗೆ ಇಪ್ಪತ್ತು ಯೂನಿಟ್‌ನ ಹತ್ತಿರ. ಇದಕ್ಕಿಂತ ಕಳ್ಳದಾರಿ ಕೈತೊಳೆಯುವ ಬೇಸಿನ್ನಿನದು. ಒಂದೇ ಹಿಡಿಯ ಹೊಸ ಬಗೆಯ ಮಿಕ್ಸರ್ ನಲ್ಲಿಯನ್ನು ಎಲ್ಲರೂ ನಡುವೆ ನಿಲ್ಲಿಸಿಬಿಡುತ್ತಾರೆ, ಯಾಕೆಂದರೆ ಹಾಗೆ ನೋಡಲು ಚೆನ್ನ. ನಡುವೆ ನಿಂತ ಹಿಡಿ ಎಂದರೆ ಅರ್ಧ ನೀರು ಗೀಸರಿನಿಂದ. ಕೈಗೆ ತಣ್ಣೀರೇ ತಗಲುತ್ತದೆ, ಮೀಟರು ಬಿಸಿನೀರಿನ ಲೆಕ್ಕ ಬರೆದುಕೊಳ್ಳುತ್ತದೆ. ಹಿಡಿಯನ್ನು ಬಲಗಡೆಗೆ, ತಣ್ಣೀರಿನ ಕೊನೆಗೆ, ತಿರುಗಿಸಿಡುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಗೀಸರಿನಿಂದ ಹೊರಬರುವ, ಕಣ್ಣಿಗೆ ಕಾಣುವ ಪೈಪಿಗೆ ಕಪ್ಪು ಫೋಮಿನ ಕೊಳವೆ ತೊಡಿಸಬಹುದು, ಅಗ್ಗದ್ದು. ಗೋಡೆಯೊಳಗಿನ ಹಳೆಯ ಜಿ.ಐ. ಪೈಪಿಗೆ ಏನೂ ಮಾಡಲಾಗದು. ಅದಕ್ಕಾಗಿಯೇ ಗೋಡೆ ಒಡೆಸುವುದು ಬೇಡ. ತುಕ್ಕು ಹಿಡಿದು ಬದಲಾಯಿಸಲೇಬೇಕಾದ ದಿನ ಬಂದಾಗ ಹತ್ತಿರದ ದಾರಿಯಲ್ಲಿ ಎಳೆಯಿರಿ ಎಂದು ಪ್ಲಂಬರಿಗೆ ಹೇಳಿದರೆ ಸಾಕು.

ಬೋರ್‌ವೆಲ್ ನೀರಿನ ಉಪ್ಪಿನ ಮೇಲೆ ಹೊರಿಸುವ ಆಪಾದನೆ ಮಾತ್ರ ಅರ್ಧ ಸುಳ್ಳು. ಕಾಯಿಲ್ ಮೇಲೆ ಸುಣ್ಣದಂಥ ಪದರ ಕಟ್ಟಿದರೆ ಕರೆಂಟು ಹೆಚ್ಚು ಎಳೆಯುತ್ತದೆ ಎನ್ನುತ್ತಾರೆ. ಪದರ ಎಷ್ಟೇ ದಪ್ಪವಾಗಲಿ, ಶಾಖಕ್ಕೆ ನೀರಿನೊಳಕ್ಕೆ ಅಲ್ಲದೆ ಬೇರೆ ಕಡೆ ಹೋಗಲು ದಾರಿಯಿಲ್ಲ, ಹಾಗಾಗಿ ಬಿಲ್ಲು ಅದರಿಂದ ಅಷ್ಟಾಗಿ ಏರದು. ಆದರೆ ಪದರದೊಳಗೆ ಸಿಕ್ಕಿಕೊಂಡ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ, ತೊಟ್ಟಿಯ ತಳದಲ್ಲಿ ಉಪ್ಪು ತುಂಬಿ ಇಪ್ಪತ್ತೈದು ಲೀಟರಿನ ಗೀಸರು ಅಷ್ಟು ಹಿಡಿಯದಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವುದು, ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಒಳಗಿನ ಮೆಗ್ನೀಶಿಯಂ ರಾಡು ಸವೆದಿದ್ದರೆ ಹೊಸದು ಹಾಕಿಸುವುದು ಯಂತ್ರದ ಆಯುಸ್ಸಿಗೆ ಬೇಕು. ಅತಿ ಬಿಸಿಯಲ್ಲಿ ಉಪ್ಪು ಬೇಗ ಕಟ್ಟುತ್ತದೆ ಎಂಬುದು ಗುಂಡಿಯನ್ನು ಕೆಳಗಿಳಿಸಲು ಇನ್ನೊಂದು ಕಾರಣ.

ಈಗ ದೊಡ್ಡ ಆಕ್ಷೇಪಣೆಗೆ ಬರೋಣ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇನ್ನೂರು ಯೂನಿಟ್‌ವರೆಗೆ ಕರೆಂಟು ಪುಕ್ಕಟೆ, ಇನ್ನು ಈ ಲೆಕ್ಕವೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2023ರ ಈ ಯೋಜನೆಯ ನಿಯಮ ಹಾಗೆ ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಬಳಸಿದ್ದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಬರುವುದು ನಿಮ್ಮ ಪಾಲು. ತೀರ ಕಡಿಮೆ ಬಳಸುವವರಿಗೆ ಆಮೇಲೆ ಹತ್ತು ಯೂನಿಟ್ ಸೇರಿಸುವಂತೆ ಸಡಿಲಿಸಿದರು. ಸರಾಸರಿ ನೂರು ಇದ್ದ ಮನೆಗೆ ಪುಕ್ಕಟೆ ನೂರಹತ್ತು ಮಾತ್ರ. ನೂರ ಮೂವತ್ತು ಉರಿಸಿದರೆ ಮೇಲಿನ ಇಪ್ಪತ್ತಕ್ಕೆ ದುಡ್ಡು ಕಟ್ಟಬೇಕು. ಹಾಕಿಬಿಟ್ಟ ಗೀಸರಿನಿಂದ ಸೋರುವ ಮೂವತ್ತಾರು ಯೂನಿಟ್ಟನ್ನು ಇದರ ಪಕ್ಕ ಇಟ್ಟು ನೋಡಿ. ಇನ್ನೂರರ ಗೆರೆ ದಾಟಿದರಂತೂ ಪೂರ್ತಿ ಬಿಲ್ಲು ನಿಮ್ಮದೇ. ಪಾಲು ಇನ್ನೂರೇ ಇರುವ ಮನೆಗೆ ಇನ್ನೂರನೆಯ ಯೂನಿಟ್‌ವರೆಗೆ ಸೊನ್ನೆ, ಇನ್ನೂರ ಒಂದನೆಯ ಯೂನಿಟ್ ಒಂದರ ಬೆಲೆ ಸಾವಿರದ ಮುನ್ನೂರು ರೂಪಾಯಿಗೂ ಹೆಚ್ಚು. ಬೇಸಿಗೆಯಲ್ಲಿ ನೂರೆಂಬತ್ತರಲ್ಲಿದ್ದು ಡಿಸೆಂಬರಿನಲ್ಲಿ ಇನ್ನೂರ ಹತ್ತಕ್ಕೆ ಜಿಗಿಯುವ ಮನೆಯಲ್ಲಿ ಆ ಗೆರೆ ದಾಟಿಸಿದ್ದು ಏನು ಎಂದು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಇನ್ನು, ಪುಕ್ಕಟೆ ಯೂನಿಟ್ಟಿನ ದುಡ್ಡನ್ನು ಯಾರೂ ಕಟ್ಟುವುದಿಲ್ಲ ಎಂದುಕೊಳ್ಳುವುದೂ ತಪ್ಪು. ಸರ್ಕಾರದ ಬೊಕ್ಕಸ ಕಟ್ಟುತ್ತದೆ. ಹೊರೆ ಬೊಕ್ಕಸದ ಮೇಲೆ ಮಾತ್ರವಲ್ಲ. ಊರಿಗೆ ಊರೇ ಬೆಳಿಗ್ಗೆ ಆರರಿಂದ ಎಂಟರೊಳಗೆ ಗೀಸರು ಹಾಕುವಾಗ ಸೋಲಾರ್ ಪಾರ್ಕುಗಳ ಮೇಲೆ ಬಿಸಿಲು ಸರಿಯಾಗಿ ಬಿದ್ದಿರುವುದಿಲ್ಲ. ಆ ಹೊತ್ತಿನ ಕರೆಂಟು ರಾಯಚೂರಿನ ಕಲ್ಲಿದ್ದಲಿನಿಂದ, ಶರಾವತಿಯ ನೀರಿನಿಂದ ಬರಬೇಕು.

ಹಾಗಾದರೆ ಸೋಲಾರ್ ಹಾಕಿಸಿಬಿಡಿ, ಕತೆ ಮುಗಿಯಲಿ ಎನ್ನಬಹುದು. ಸ್ವಂತ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ನೂರು ಲೀಟರಿನ ಸೋಲಾರ್ ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್‌ಗೂ ಮೇಲಿನ ಕೆಲಸ ಮಾಡುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆ ಅಷ್ಟೊಂದು ಸೋಲಾರ್ ತೊಟ್ಟಿಗಳು ಕಾಣುವುದು ಸುಮ್ಮನೆ ಅಲ್ಲ. 2007ರ ಹೊತ್ತಿಗೆ ಸರ್ಕಾರ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡತೊಡಗಿತು. ನಾವು ಮಾತಾಡುತ್ತಿರುವ ಫ್ಲ್ಯಾಟುಗಳು ಅದಕ್ಕಿಂತ ಹಿಂದಿನವು. ಅಲ್ಲಿ ತಾರಸಿ ಒಬ್ಬರದಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ 1972ರ ಕಾಯಿದೆಯಲ್ಲಿ ಅದು ಎಲ್ಲರಿಗೂ ಸೇರಿದ ಜಾಗ. ಸಂಘದ ಒಪ್ಪಿಗೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮೇಲಿನ ಮಹಡಿಯವರಿಗೆ ಸೋಲಾರ್ ವರವಾದೀತು. ಕೆಳಗಿನ ಮಹಡಿಗೆ ಹದಿನೈದು ಮೀಟರ್ ಒಂದು ಇಂಚಿನ ಪೈಪು ಇಳಿದರೆ ಅದರೊಳಗೇ ಏಳು ಲೀಟರಿಗೂ ಹೆಚ್ಚು ನೀರು ರಾತ್ರಿಯೆಲ್ಲ ತಣ್ಣಗೆ ನಿಂತಿರುತ್ತದೆ. ಬೆಳಿಗ್ಗೆ ಅದನ್ನೆಲ್ಲ ಹರಿಯಬಿಟ್ಟು ಬಿಸಿಗಾಗಿ ಕಾಯಬೇಕು; ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರಾದರೆ ಹೊಟ್ಟೆ ಉರಿಯದೆ ಇರದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಬಿಸಿನೀರು ಹೆಚ್ಚು ಬೇಕಾದ ಮೋಡದ ದಿನಗಳಲ್ಲಿ, ಹೇಗೂ ಕಾಯಿಲ್ ಹಾಕಬೇಕು. ಇಡೀ ಕಟ್ಟಡ ಒಂದಾಗಿ ದಪ್ಪ ಇನ್ಸುಲೇಷನ್ನಿನ ಪೈಪು, ಪೈಪಿನ ನೀರನ್ನು ತಿರುಗಿಸುವ ಸಣ್ಣ ಪಂಪು ಹಾಕಿಸಿಕೊಂಡರೆ ಸೋಲಾರ್ ನಡೆಯುತ್ತದೆ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುವ ಹೀಟ್ ಪಂಪಿಗೂ ಅದೇ ಮಾತು. ಅದು ಒಂದು ಯೂನಿಟ್ ತಿಂದು ಸುಮಾರು ಮೂರು ಯೂನಿಟ್‌ನ ಶಾಖ ಕೊಡುತ್ತದೆ, ಆದರೆ ಬೆಲೆ ಸಾಧಾರಣ ಗೀಸರಿನ ಎಷ್ಟೋ ಪಟ್ಟು. ಇಪ್ಪತ್ತು ಮನೆಗಳು ಹಂಚಿಕೊಂಡರೆ ಸರಿ, ಎರಡು ಜನ ದಿನಕ್ಕೆ ಎರಡು ಬಕೆಟ್ ಬಳಸುವ ಮನೆಯಲ್ಲಿ ಹಾಕಿದ ದುಡ್ಡು ಹಿಂದಿರುಗುವ ಹೊತ್ತಿಗೆ ಯಂತ್ರವೇ ಮುದಿಯಾಗಿರುತ್ತದೆ.

ಗ್ಯಾಸ್ ಗೀಸರು ಅಗ್ಗ ಎಂಬ ಮಾತನ್ನೂ ತೂಗಿ ನೋಡಬೇಕು. 14.2 ಕಿಲೋ ಸಿಲಿಂಡರಿಗೆ 850 ರೂಪಾಯಿ ಎಂದು ಹಿಡಿದರೆ ಕಿಲೋಗೆ ಅರವತ್ತು. ಒಂದು ಕಿಲೋ ಗ್ಯಾಸು ಉರಿದಾಗ ಬರುವ ಶಾಖದಲ್ಲಿ ನೂರಕ್ಕೆ ಎಂಬತ್ತು ನೀರಿಗೆ ಸೇರಿತೆಂದರೂ ಅದು ಸುಮಾರು ಹತ್ತು ಯೂನಿಟ್ ಕರೆಂಟಿಗೆ ಸಮ. ಅಂದರೆ ಯೂನಿಟ್ಟಿಗೆ ಆರು ರೂಪಾಯಿ. ಕರೆಂಟಿಗೂ ಇದಕ್ಕೂ ಇರುವ ಅಂತರ ಅರ್ಧ ರೂಪಾಯಿಯ ಆಸುಪಾಸು. ಈ ಅರ್ಧ ರೂಪಾಯಿಗಾಗಿ ಹಳೆಯ ಫ್ಲ್ಯಾಟಿನ ಕಿರಿದಾದ ಬಚ್ಚಲಿನೊಳಗೆ ಉರಿಯನ್ನು ತಂದಿಡುವುದು ಎಂಥ ವ್ಯಾಪಾರ? ಬಾಗಿಲು ಹಾಕಿ, ಚಳಿಗೆಂದು ವೆಂಟಿಲೇಟರ್ ಮುಚ್ಚಿದರೆ ಉರಿಗೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಗ್ಯಾಸ್ ಗೀಸರು ಬೇಕೇ ಬೇಕೆಂದರೆ ಅದು ಬಚ್ಚಲಿನ ಹೊರಗೆ, ಬಯಲು ಗಾಳಿಯಾಡುವ ಯುಟಿಲಿಟಿಯಲ್ಲಿ ಇರಬೇಕು.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನಲ್ಲಿ ನಿಂತು ಸೋರುವ ಶಾಖ ಇಲ್ಲವೆನ್ನುವಷ್ಟು ಕಡಿಮೆ, ಅಡುಗೆಮನೆಗೆ ಅದು ಒಪ್ಪುತ್ತದೆ. ಆದರೆ ಅದು ಎಳೆಯುವುದು ಮೂರು ಸಾವಿರ ವ್ಯಾಟ್, ಹದಿಮೂರು ಆಂಪಿಯರ್. ಮೂವತ್ತು ವರ್ಷದ ಹಿಂದಿನ ವೈರಿಂಗಿಗೆ ಅದು ಭಾರ. ಗೀಸರಿನ ಪ್ಲಗ್ಗನ್ನು ಕಿತ್ತು ನೋಡಿ. ದಪ್ಪ ಪಿನ್ನುಗಳ ಬುಡದಲ್ಲಿ ಪ್ಲಾಸ್ಟಿಕ್ಕು ಕಂದು ತಿರುಗಿದ್ದರೆ, ಸಾಕೆಟ್ಟಿನ ಬಾಯಿ ಕರಕಲಾಗಿದ್ದರೆ, ಅಲ್ಲಿ ಹಿಡಿತ ಸಡಿಲವಾಗಿ ಕಾವು ಏಳುತ್ತಿದೆ ಎಂದರ್ಥ. ಉಳಿತಾಯದ ಯಾವ ಮಾತಿಗೂ ಮುಂಚೆ ಆಗಬೇಕಾದ ರಿಪೇರಿ ಅದು. ನೀರಿನ ರಾಡು ಶಾಖದ ಲೆಕ್ಕದಲ್ಲಿ ಎಲ್ಲಕ್ಕಿಂತ ಮಿತವ್ಯಯದ್ದು, ಬೇಕಾದಷ್ಟೇ ನೀರನ್ನು ಬೇಕಾದಷ್ಟೇ ಕಾಯಿಸುತ್ತದೆ. ಆದರೆ ಅದು ಮನೆಯಲ್ಲಿರುವ ಅತಿ ಅಪಾಯದ ವಸ್ತುವೂ ಹೌದು. ಆರಿಸದೆ ನೀರಿಗೆ ಕೈ ಹಾಕಿದರೆ ಪ್ರಾಣಕ್ಕೇ ಕುತ್ತು. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಬಾಡಿಗೆದಾರರ ಕಷ್ಟ ಬೇರೆ. ಗೀಸರು ಕೊಳ್ಳುವವರು ಮನೆಯ ಮಾಲೀಕರು, ಬಿಲ್ಲು ಕಟ್ಟುವವರು ಬಾಡಿಗೆದಾರರು. ಹಾಗಾಗಿ ಮಾಲೀಕರು ಅತಿ ಅಗ್ಗದ್ದನ್ನು ತಂದು ಗೋಡೆಗೆ ಹೊಡೆಸುವುದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ವಾದಕ್ಕೆ ಇದೇ ಒಂದು ಬೆಂಬಲ ಎಂದುಕೊಳ್ಳಿ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಮಾಲೀಕರ ಅಪ್ಪಣೆ ಬೇಕಿಲ್ಲ. ಶವರ್ ಹೆಡ್ಡನ್ನು ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಗುಂಡಿಯನ್ನು ತಿರುಗಿಸಲು, ಸ್ವಿಚ್ಚನ್ನು ಆರಿಸಲು ಯಾರನ್ನೂ ಕೇಳಬೇಕಾಗಿಲ್ಲ. ಮರೆವು ಹೆಚ್ಚೆಂದರೆ ಅರ್ಧ ಗಂಟೆಗೆ ತಾನೇ ಆರುವ ಟೈಮರ್ ಸಿಗುತ್ತದೆ. ಹದಿನಾರು ಆಂಪಿಯರಿನದೇ ಆಗಬೇಕು. ಸುಟ್ಟ ಸಾಕೆಟ್ಟು, ಅರ್ಥಿಂಗ್, ಕರೆಂಟು ಸೋರಿದೊಡನೆ ಲೈನು ಕಡಿಯುವ ಇ.ಎಲ್.ಸಿ.ಬಿ. ಇವು ಮಾತ್ರ ಮಾಲೀಕರ ಹೊಣೆ, ಅವನ್ನು ಸಂಕೋಚವಿಲ್ಲದೆ ಕೇಳಿ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಂದು ತಿಂಗಳ ಬಿಲ್ಲು ನೋಡಿ, ಕಳೆದ ವರ್ಷದ ಅದೇ ತಿಂಗಳ ಯೂನಿಟ್ಟಿನ ಜತೆ ಇಟ್ಟು ನೋಡಿ. ರೂಪಾಯಿಯ ಜತೆ ಬೇಡ, ದರ ಬದಲಾಗುತ್ತಿರುತ್ತದೆ. ಶವರು ಬಳಸುವ, ಗೀಸರನ್ನು ಹಾಕಿಯೇ ಬಿಡುವ ನಾಲ್ಕು ಜನರ ಮನೆಯಲ್ಲಿ ನೂರು ಯೂನಿಟ್ ಇಳಿದರೆ ಅದು ಪವಾಡವಲ್ಲ, ಮೇಲಿನ ಲೆಕ್ಕಗಳ ಮೊತ್ತ. ಆಮೇಲೂ ಹೊಸ ಗೀಸರು ಬೇಕೆನ್ನಿಸಿದರೆ ನನ್ನ ತೀರ್ಮಾನ ಹೀಗೆ: ತೊಟ್ಟಿ ಸೋರದ, ಷಾಕ್ ಹೊಡೆಯದ, ವಾಲ್ವ್ ಸರಿಯಿರುವ ಹಳೆಯ ಗೀಸರನ್ನು ಬಿಲ್ಲಿನ ಕಾರಣಕ್ಕೆ ತೆಗೆಯಬೇಡಿ. ತೊಟ್ಟಿ ತೂತಾದ ದಿನ ತೆಗೆಯಿರಿ. ಆಗ ಬಕೆಟ್ಟಿನಲ್ಲಿ ಸ್ನಾನ ಮಾಡುವ ಇಬ್ಬರು ಮೂವರ ಮನೆಗೆ ಹದಿನೈದು ಲೀಟರು, ನಾಲ್ಕೈದು ಜನರಿಗೆ ಇಪ್ಪತ್ತೈದು. ಸ್ವಿಚ್ಚು ಆರಿಸುವ ಅಭ್ಯಾಸ ಮನೆಯಲ್ಲಿ ಬಾರದು ಎಂದು ಗೊತ್ತಿದ್ದರೆ ಮಾತ್ರ ಹೆಚ್ಚು ದುಡ್ಡು ಕೊಟ್ಟು ಐದು ನಕ್ಷತ್ರದ್ದನ್ನೇ ತನ್ನಿ.